ಪಾಚಿ ತುಂಬಿದ ಹೊಟ್ಟೆ, ಸಂಯಮ ಯಾರದು?

ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಂಶೋಧಕರು 2012ರಲ್ಲಿ ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೈತೂಕ ಹೆಚ್ಚಿದ್ದ 12 ಗಂಡಸರಿಗೆ ಒಂದು ದಿನ ಬೆಳಗಿನ ತಿಂಡಿಗೆ ಮಾಮೂಲಿ ಬ್ರೆಡ್ಡು, ಇನ್ನೊಂದು ದಿನ ಕಡಲಪಾಚಿಯ ಪುಡಿ ಬೆರೆಸಿದ ಬ್ರೆಡ್ಡು. ನಾಲ್ಕು ಗಂಟೆ ಕಳೆದ ಮೇಲೆ ಎದುರಿಗೆ ಊಟ ಇಟ್ಟು, ಎಷ್ಟು ತಿನ್ನುತ್ತಾರೆ ಎಂದು ಅಳೆದರು. ಪಾಚಿಯ ಬ್ರೆಡ್ಡು ತಿಂದ ದಿನ ಅವರು ಸುಮಾರು ಶೇ. 16ರಷ್ಟು ಕಡಿಮೆ ಕ್ಯಾಲೊರಿ ಉಂಡಿದ್ದರು. ಕಡಿಮೆ ತಿನ್ನಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಹಾಗೇನೂ ನಿಶ್ಚಯಿಸಿರಲಿಲ್ಲ.

ಇದನ್ನು ಮಿತಾಹಾರ ಎನ್ನಬಹುದೇ?

ಮೊದಲು ಹೊಟ್ಟೆಯೊಳಗೆ ಆಗುವುದನ್ನು ನೋಡಬೇಕು. ಕಂದು ಬಣ್ಣದ ಕಡಲಪಾಚಿಗಳಲ್ಲಿ ಆಲ್ಜಿನೇಟ್ ಎಂಬ ನಾರಿನಂಶವಿದೆ. ಜಠರದ ಆಮ್ಲ ತಾಗಿದರೆ ಅದು ಲೋಳೆಯಾಗಿ ಗಟ್ಟಿಯಾಗುತ್ತದೆ. ಜಠರದ ಗೋಡೆ ಹಿಗ್ಗುತ್ತದೆ, ಉಂಡದ್ದು ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ, ಸಾಕು ಎಂಬ ಸುದ್ದಿ ಮಿದುಳಿಗೆ ಬೇಗ ಮುಟ್ಟುತ್ತದೆ. ಇದು ಕನ್ನಡಿಗರ ಅಡುಗೆಮನೆಗೆ ತೀರಾ ದೂರದ ಮಾತೂ ಅಲ್ಲ. ಪುಡಿಂಗಿಗೆ ಹಾಕುವ ಚೈನಾ ಗ್ರಾಸ್ ಕೆಂಪು ಕಡಲಪಾಚಿಯಿಂದ ತೆಗೆದದ್ದೇ, ಅದೂ ನೀರು ಹೀರಿಕೊಂಡು ಗಟ್ಟಿಯಾಗುವಂಥದ್ದೇ.

ಆದರೆ ಫಲ ಎಲ್ಲರಿಗೂ ಒಂದೇ ಸಮನಾಗಿ ಸಿಕ್ಕಿಲ್ಲ. ಡೆನ್ಮಾರ್ಕಿನಲ್ಲಿ 96 ಮಂದಿ ಸ್ಥೂಲಕಾಯದವರು 12 ವಾರ ಪಥ್ಯದಲ್ಲಿದ್ದರು. ಅರ್ಧದಷ್ಟು ಜನರಿಗೆ ಊಟಕ್ಕೆ ಮುಂಚೆ ಆಲ್ಜಿನೇಟ್ ಪಾನೀಯ, ಉಳಿದವರಿಗೆ ಆಲ್ಜಿನೇಟ್ ಇಲ್ಲದ ಪಾನೀಯ. ಕೊನೆಯವರೆಗೆ ಉಳಿದವರು 80 ಮಂದಿ. ಅವರ ಪೈಕಿ ಆಲ್ಜಿನೇಟ್ ಕುಡಿದವರು ಸರಾಸರಿ 6.8 ಕಿಲೋ ಇಳಿದರೆ, ಅದಿಲ್ಲದ ಪಾನೀಯ ಕುಡಿದವರು 5 ಕಿಲೋ ಇಳಿದರು. ನಡುವೆ ಬಿಟ್ಟುಹೋದವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಈ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ. ಲೋಳೆ ತನ್ನ ಕೆಲಸ ಮಾಡಬಹುದು, ಆದರೆ ದಿನವೂ ಅದನ್ನು ಕುಡಿಯುವ ಮನಸ್ಸನ್ನು ಅದು ಕೊಡಲಾರದು.

ಮಿತವಾಗಿ ಉಣ್ಣುವ ವಿಷಯದಲ್ಲಿ ಭಾರತದ ಹಳೆಯ ಶಾಸ್ತ್ರಗಳಿಗೆ ಸ್ಪಷ್ಟವಾದ ನಿಲುವಿದೆ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ಪ್ರಕಾರ ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ನೀರಿಗೆ, ಇನ್ನೊಂದು ಪಾಲು ಗಾಳಿಯಾಡಲು ಖಾಲಿ ಇರಬೇಕು. ಹಠಯೋಗ ಪ್ರದೀಪಿಕೆಯ ಮಿತಾಹಾರವೂ ಕಾಲು ಭಾಗ ಬಿಟ್ಟು ಉಣ್ಣುವುದೇ. ಜೈನರಲ್ಲಿ ಇದು ಇನ್ನೂ ಖಚಿತ. ತತ್ತ್ವಾರ್ಥಸೂತ್ರ ಪಟ್ಟಿ ಮಾಡುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಉಪವಾಸ, ಎರಡನೆಯದು ಅವಮೌದರ್ಯ. ಎಂದರೆ ಎದುರಿಗೆ ಊಟವಿದ್ದು, ಹಸಿವೂ ಇದ್ದು, ಒಂದಷ್ಟು ತುತ್ತು ಕಡಿಮೆ ಉಂಡು ಏಳುವುದು. ಪೂರ್ಣ ಊಟಕ್ಕೆ 32 ತುತ್ತು ಎಂಬ ಲೆಕ್ಕವನ್ನೂ ಪರಂಪರೆ ಇಟ್ಟುಕೊಂಡಿದೆ. ಊಟ ಬಿಟ್ಟುಬಿಡುವುದಕ್ಕಿಂತ ಅರ್ಧಕ್ಕೆ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಹೋಳಿಗೆ ಊಟಕ್ಕೆ ಕೂತ ಯಾರಿಗಾದರೂ ಗೊತ್ತು.

ಈ ಎಲ್ಲ ವಿಧಾನಗಳಲ್ಲಿ ಖಾಲಿ ಜಾಗಕ್ಕೆ ಬೆಲೆಯಿದೆ. ಉಣ್ಣುವವನು ಅದನ್ನು ತಿಳಿದೇ ಬಿಟ್ಟಿರುತ್ತಾನೆ, ಊಟ ಮುಗಿದ ಮೇಲೂ ಅದನ್ನು ಹೊತ್ತುಕೊಂಡು ನಡೆಯುತ್ತಾನೆ. ಪಾಚಿಯ ಲೋಳೆ ಬಂದು ಕೂರುವುದು ಸರಿಯಾಗಿ ಅದೇ ಕಾಲು ಭಾಗದಲ್ಲಿ. ತಟ್ಟೆಯಲ್ಲಿ ಉಳಿದ ಅನ್ನದ ಲೆಕ್ಕದಲ್ಲಿ ತಿಳಿದು ಬಿಟ್ಟವನೂ ಪಾಚಿ ತಿಂದವನೂ ಒಂದೇ. ಒಬ್ಬ ತನ್ನ ಬಯಕೆಯನ್ನು ಎದುರಿಗೆ ಕಂಡಿದ್ದಾನೆ, ಇನ್ನೊಬ್ಬನಿಗೆ ಅದರ ಭೇಟಿಯೇ ಆಗಿಲ್ಲ.

ಹಾಗೆಂದು ಕಡಲಪಾಚಿಯನ್ನು ಅಧ್ಯಾತ್ಮದ ಆಚೆಗಿಡುವುದು ತಪ್ಪಾದೀತು. ಶತಮಾನಗಳಿಂದ ಅದನ್ನು ಆದರದಿಂದ ಬೇಯಿಸಿಕೊಂಡು ಬಂದವರು ಜಪಾನಿನ ಬೌದ್ಧ ಮಠಗಳ ಅಡುಗೆಯವರು. ಮೀನು ಮಾಂಸ ಮುಟ್ಟದ ಆ ಅಡುಗೆಗೆ ಕೊಂಬು ಎಂಬ ದಪ್ಪ ಪಾಚಿಯ ಸಾರೇ ಆಧಾರ. ಹೊಕ್ಕೈಡೊ ದ್ವೀಪದ ಕೊಂಬು ಹಿಂದೆ ಹಡಗಿನಲ್ಲಿ ಫುಕುಯಿ ಪ್ರಾಂತ್ಯದ ತ್ಸುರುಗಾ ಬಂದರಿಗೆ ಬಂದಿಳಿಯುತ್ತಿತ್ತು. ಝೆನ್ ಗುರು ದೋಗೆನ್ 1244ರಲ್ಲಿ ಸ್ಥಾಪಿಸಿದ ಎಹೆಯ್ಜಿ ಮಠ ಇರುವುದೂ ಅದೇ ಪ್ರಾಂತ್ಯದಲ್ಲಿ. ಅಲ್ಲಿ ಪಾಚಿಯನ್ನು ಬಳಸುವುದು ರುಚಿಗಾಗಿ. ಆ ರುಚಿಯ ಮೂಲ ಗ್ಲುಟಮೇಟ್ ಎಂದು 1908ರಲ್ಲಿ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಕಂಡುಹಿಡಿದದ್ದು ಇದೇ ಕೊಂಬಿನಿಂದ. ಅದು ಬಹಳ ಮೆಲುವಾದ ರುಚಿ, ಗಮನವಿಟ್ಟು ಉಣ್ಣದವರಿಗೆ ಬರೀ ಬಿಸಿನೀರು ಎನಿಸೀತು.

ಎಹೆಯ್ಜಿಯ ಬೆಳಗಿನ ಊಟ ಅಕ್ಕಿಗಂಜಿ, ಉಪ್ಪು ಬೆರೆಸಿದ ಎಳ್ಳಿನ ಪುಡಿ, ಮೂಲಂಗಿಯ ಉಪ್ಪಿನಕಾಯಿ. ಒಂದರೊಳಗೊಂದು ಕೂರುವ ಬಟ್ಟಲುಗಳ ಗಂಟನ್ನು ಬಿಚ್ಚಿ, ಐದು ಚಿಂತನೆಗಳನ್ನು ಪಠಿಸುತ್ತಾರೆ. ಈ ಅನ್ನ ಎಷ್ಟು ಜನರ ಕೈ ದಾಟಿ ಬಂತು, ಇದನ್ನು ಉಣ್ಣಲು ನಾನು ಯೋಗ್ಯನೇ ಎಂಬವು ಅದರಲ್ಲಿ ಸೇರಿವೆ. ಎರಡನೇ ಸಲ ಬಡಿಸುವ ಪದ್ಧತಿಯೂ ಇದೆ, ಯಾರನ್ನೂ ಹಸಿವಿನಲ್ಲಿ ಎಬ್ಬಿಸುವುದಿಲ್ಲ. ಕೊನೆಗೆ ಬಟ್ಟಲಿಗೆ ಬಿಸಿನೀರು ಹಾಕಿ, ತೊಳೆದ ನೀರನ್ನೂ ಕುಡಿಯುತ್ತಾರೆ.

ದೋಗೆನ್ 1237ರಲ್ಲಿ ಮಠದ ಅಡುಗೆಯವರಿಗಾಗಿ ಬರೆದ ‘ತೆಂಝೊ ಕ್ಯೋಕುನ್’ನಲ್ಲಿ ಒಂದು ಪ್ರಸಂಗ ಬರುತ್ತದೆ. ಅವನು ಚೀನಾದ ಟಿಯಾನ್‌ಟಾಂಗ್ ಮಠದಲ್ಲಿದ್ದಾಗ, 68 ವರ್ಷದ ಅಡುಗೆ ಮುಖ್ಯಸ್ಥ ನಡು ಬಿಸಿಲಿನಲ್ಲಿ, ತಲೆಗೆ ಟೋಪಿಯೂ ಇಲ್ಲದೆ, ಊರುಗೋಲು ಹಿಡಿದು ಏನನ್ನೋ ಒಣಗಿಸುತ್ತಿದ್ದ. ಅದು ಅಣಬೆ ಎನ್ನುವವರಿದ್ದಾರೆ, ಕಡಲಪಾಚಿ ಎನ್ನುವವರೂ ಇದ್ದಾರೆ. ಈ ಕೆಲಸಕ್ಕೆ ಆಳುಗಳಿಲ್ಲವೇ ಎಂದು ದೋಗೆನ್ ಮರುಕದಿಂದ ಕೇಳಿದ. ಬೇರೆಯವರು ನಾನಲ್ಲವಲ್ಲ ಎಂದನಂತೆ ಮುದುಕ. ಸಂಯಮದ ಪ್ರಶ್ನೆಗೂ ಈ ಉತ್ತರ ನೇರವಾಗಿ ತಾಗುತ್ತದೆ. ಲೋಳೆ ಒಳ್ಳೆಯ ಆಳು. ಅದು ತೂಕ ಇಳಿಸಿಕೊಡಬಹುದು, ಸಾಕು ಎಂದು ಅನಿಸುವ ಕ್ಷಣವನ್ನು ಗುರುತಿಸುವ ಕೆಲಸವನ್ನು ಮಾತ್ರ ಅದಕ್ಕೆ ವಹಿಸಲಾಗದು.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಸ್ಥೂಲಕಾಯ ಬಹುಪಾಲು ಹಾರ್ಮೋನು ಮತ್ತು ವಂಶವಾಹಿಗಳ ಪಾಡು, ಅದಕ್ಕೆ ವೈರಾಗ್ಯದ ಪಾಠ ಹೇಳುವುದು ಕ್ರೌರ್ಯ. ಮಾತು ನಿಜ. ಹಸಿವು ತಣಿಸುವ ಈಚಿನ ಚುಚ್ಚುಮದ್ದು ಪಡೆದ ಎಷ್ಟೋ ಜನ, ತಲೆಯಲ್ಲಿ ಇಡೀ ದಿನ ನಡೆಯುತ್ತಿದ್ದ ತಿನಿಸಿನ ಗದ್ದಲ ನಿಂತಿತು ಎನ್ನುತ್ತಾರೆ. ಬಯಕೆ ಮನಸ್ಸಿನದು, ಹಸಿವು ದೇಹದ್ದು ಎಂಬ ಗೆರೆ ಅಷ್ಟು ಸಲೀಸಾಗಿ ಎಳೆಯಲು ಬರುವುದಿಲ್ಲ. ಆ ಗದ್ದಲದಲ್ಲಿ ಬಳಲುವವರು ಪಾಚಿಯ ನೆರವನ್ನೋ ಔಷಧದ ನೆರವನ್ನೋ ನಾಚಿಕೆಯಿಲ್ಲದೆ ಪಡೆಯಬೇಕು. ಪಾಚಿಯಾದರೆ ಒಂದು ಎಚ್ಚರಿಕೆ: ದಿನಕ್ಕೆ ದೊಡ್ಡವರಿಗೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಒಂದು ಗ್ರಾಂ ಒಣ ಕೊಂಬಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಹುದು. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಹೊರಗಿನ ನೆರವನ್ನು ಬುದ್ಧನೂ ತಳ್ಳಿಹಾಕಲಿಲ್ಲ. ಸಂಯುತ್ತ ನಿಕಾಯ ಎಂಬ ಬೌದ್ಧ ಗ್ರಂಥದಲ್ಲಿ ಕೋಸಲದ ರಾಜ ಪಸೇನದಿ ಕೊಳಗದಷ್ಟು ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿ ಬಂದು ಕೂರುತ್ತಾನೆ. ಊಟದ ಅಳತೆ ಬಲ್ಲವನಿಗೆ ನೋವು ಕಡಿಮೆ ಎಂಬ ಅರ್ಥದ ಒಂದು ಗಾಥೆಯನ್ನು ಬುದ್ಧ ಹೇಳುತ್ತಾನೆ. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಕಲಿಯಲು ಹೇಳಿ, ಊಟದ ಹೊತ್ತಿಗೆ ತನ್ನೆದುರು ಪಠಿಸಲು ದಿನಕ್ಕೆ ನೂರು ಕಹಾಪಣ ನಾಣ್ಯ ಗೊತ್ತುಮಾಡುತ್ತಾನೆ. ಧಮ್ಮಪದದ ವ್ಯಾಖ್ಯಾನವಾದ ಅಟ್ಟಕಥೆ ಇನ್ನಷ್ಟು ವಿವರ ಕೊಡುತ್ತದೆ: ರಾಜ ಕೊನೆಯ ತುತ್ತು ಎತ್ತುವಾಗ ಹುಡುಗ ಗಾಥೆ ಹೇಳಬೇಕು, ರಾಜ ಆ ತುತ್ತನ್ನು ಬಿಡುತ್ತಾನೆ, ಅದರಲ್ಲಿದ್ದ ಅಗುಳುಗಳನ್ನು ಎಣಿಸಿ ಮರುದಿನ ಅಷ್ಟು ಅಕ್ಕಿ ಕಡಿಮೆ ಹಾಕಬೇಕು.

ಹುಡುಗನ ದನಿಯೂ ಹೊರಗಿನದೇ, ಸಂಬಳಕ್ಕೆ ಗೊತ್ತುಮಾಡಿದ್ದೇ. ಆದರೆ ತುತ್ತು ಬಿಡಬೇಕಾದದ್ದು ರಾಜನ ಕೈ. ಕೊಳಗದ ಊಟ ಕ್ರಮೇಣ ನಾಳಿಕ ಎಂಬ ಸಣ್ಣ ಅಳತೆಗೆ ಇಳಿಯಿತು. ಮೈ ಹಗುರಾದ ಮೇಲೆ ಪಸೇನದಿ ತನ್ನ ಕೈಕಾಲು ಸವರಿಕೊಂಡು, ಬುದ್ಧ ತನಗೆ ಈ ಲೋಕದ ಹಿತವನ್ನೂ ಆಚೆಯ ಹಿತವನ್ನೂ ಒಟ್ಟಿಗೇ ಮಾಡಿದ ಎಂದು ಸಂತೋಷಪಟ್ಟ.