ಮುಯ್ಯಾಳು ಮತ್ತು ಆಫೀಸು

2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದವರನ್ನು ವಾಪಸ್ ಕರೆಯೋದು ಈಗ ನನ್ನಂಥ ಮ್ಯಾನೇಜರುಗಳ ಕೆಲಸ. ಕರೆದರೆ ಟೀಮಿನವರು ಕೇಳುವುದು ಒಂದೇ: 'ಮನೆಯಿಂದ ಯಾವ ಕೆಲಸ ನಿಂತಿತ್ತು ಹೇಳಿ?' ಔಟರ್ ರಿಂಗ್ ರೋಡಿನ ಟ್ರಾಫಿಕ್ಕಲ್ಲಿ ದಿನಾ ಸಿಕ್ಕಿಬೀಳೋರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ.

ಚೀನಾದ ಟ್ರಿಪ್.ಕಾಂ ಕಂಪನಿಯ 1,612 ಉದ್ಯೋಗಿಗಳ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸ ಕೆಡಲಿಲ್ಲ. ಕಂಪನಿ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಹಾಗಿದ್ದೂ ಪ್ರೊಡಕ್ಟಿವಿಟಿ ನೆಪ ಹೇಳಿ ಐದೂ ದಿನದ ಸ್ವೈಪ್ ಎಣಿಸೋದು ಪ್ರಾಮಾಣಿಕವಲ್ಲ. ಅಂಥ ಕಡೆ ಜನ ಕಾರ್ಡ್ ಉಜ್ಜಿ, ಕಾಫಿ ಕುಡಿದು ಹೊರಡುತ್ತಾರೆ.

ಆದರೂ ಬರಲು ಒಂದು ಕಾರಣ ಇದೆ. ನಮ್ಮೂರಲ್ಲಿ ಮುಯ್ಯಾಳು ಅಂತ ಇತ್ತು. ನಮ್ಮ ಗದ್ದೆ ನಾಟಿಗೆ ನೀವು ಬಂದರೆ, ನಿಮ್ಮ ನಾಟಿಗೆ ನಾವು ಬರಬೇಕು. ಕೂಲಿ ಇಲ್ಲ, ಋಣ ಉಂಟು. ನಮಗೆ ಡೀಬಗ್ ಮಾಡೋದು ಕಲಿಸಿದ್ದು ಪಕ್ಕದ ಕುರ್ಚಿಯ ಸೀನಿಯರ್. ಇವತ್ತಿನ ಫ್ರೆಶರ್ ಪಕ್ಕದಲ್ಲಿ ಆ ಕುರ್ಚಿ ಖಾಲಿ. ಸಣ್ಣ ಡೌಟಿಗೆಲ್ಲ ಕಾಲ್ ಮಾಡಲು ಅವನಿಗೆ ಸಂಕೋಚ. ನಾವು ತೀರಿಸಬೇಕಾದ ಮುಯ್ಯಿ ಅವನದು, ಕಂಪನಿಯದಲ್ಲ.

ಹಾಗಂತ ಮುಯ್ಯಾಳು ವರ್ಷವಿಡೀ ಗದ್ದೆಯಲ್ಲಿ ಕೂರುತ್ತಿರಲಿಲ್ಲ, ನಾಟಿ ದಿನ ಬರುತ್ತಿದ್ದ. ವಾರದಲ್ಲಿ ಎರಡು ದಿನ, ಇಡೀ ಟೀಮು ಒಟ್ಟಿಗೆ ಬಂದರೆ ಸಾಕು. ಮೊದಲು ಬರಬೇಕಾದವನು ಮಾತ್ರ ಕರೆದ ಮ್ಯಾನೇಜರ್.