ಯಾರ ಸೊಕ್ಕು, ಯಾರ ಸೌಜನ್ಯ?

ಪೇಟೆಯಿಂದ ಬಂದ ಸೊಕ್ಕಿನ ಮನುಷ್ಯನೊಬ್ಬನ ಗರ್ವವನ್ನು ಸಣ್ಣ ಊರಿನ ಸಾಧಾರಣ ಮನುಷ್ಯನೊಬ್ಬ ಬರೀ ತನ್ನ ಒಳ್ಳೇತನದಿಂದ ಇಳಿಸಿಬಿಟ್ಟ ಎನ್ನುವ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಮೇಷ್ಟ್ರು ನೀತಿಪಾಠದಲ್ಲಿ ಹೇಳಿದ್ದಾರೆ, ಸಿನಿಮಾದವರು ತೋರಿಸಿದ್ದಾರೆ, ವಾರಪತ್ರಿಕೆಗಳು ಅಚ್ಚು ಹಾಕಿವೆ. ಬೂಟುಗಾಲಿನವನು ಬರುತ್ತಾನೆ, ಮೂಗು ಮುರಿಯುತ್ತಾನೆ, ಬಸ್ಸು ತಪ್ಪುತ್ತದೆ ಇಲ್ಲವೇ ಕಾರು ಕೆಡುತ್ತದೆ. ಊರಿನವನು ಮನೆಗೆ ಕರೆದು ಮುದ್ದೆ ಸಾರು ಬಡಿಸಿ ಚಾಪೆ ಹಾಸುತ್ತಾನೆ. ದುಡ್ಡು ಕೊಡಲು ಹೋದರೆ ಬೇಡ ಅನ್ನುತ್ತಾನೆ. ಪೇಟೆಯವನ ಕಣ್ಣು ಒದ್ದೆಯಾಗುತ್ತದೆ.

ಈ ಕತೆ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಅಂಥ ಒಳ್ಳೆಯವರು ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಬಂದವನ ಜಾತಿ ಯಾವುದು? ಕರೆದವನದು ಯಾವುದು? ಕತೆ ಹೇಳುವವರು ಅದನ್ನು ಮಾತ್ರ ಹೇಳುವುದಿಲ್ಲ. ಹೇಳದೇ ಇದ್ದಾಗ ಇಬ್ಬರೂ ಮೇಲಿನವರೇ ಅಂತ ತಿಳಿದುಕೊಳ್ಳಬೇಕು. ಯಾಕಂದ್ರೆ ಬಂದವನು ನಮ್ಮವನಾಗಿದ್ದರೆ ಆ ಚಾಪೆ ನಡುಮನೆಯಲ್ಲಿ ಹಾಸುತ್ತಿರಲಿಲ್ಲ. ಕರೆದವನು ನಮ್ಮವನಾಗಿದ್ದರೆ ಬೂಟುಗಾಲಿನವನು ಹೊಸ್ತಿಲು ದಾಟುವುದೇ ಅನುಮಾನ.

ಎರಡನೆಯದನ್ನೇ ತಗೊಳ್ಳಿ. ಕೇರಿಗೆ ಅಧಿಕಾರಿಯೋ, ಸಾಹಿತಿಯೋ, ಕ್ರಾಂತಿಯ ಮಾತಾಡುವ ಪೇಟೆಯ ಹುಡುಗರೋ ಬಂದರೆ ನಮ್ಮ ಕಡೆ ಎಳನೀರು ಕೆತ್ತಿ ಕೊಡುತ್ತಾರೆ. ತೆಂಗಿನಮರ ಇಲ್ಲದ ಕಡೆ ಅಂಗಡಿಯಿಂದ ಸೋಡಾ ತರುತ್ತಿದ್ದರು, ಈಗ ಬಾಟಲಿ ನೀರು ತರುತ್ತಾರೆ. ಬಂದವರು ಕುಡಿದು ಬಾಯಿ ಒರೆಸಿಕೊಂಡು, 'ಎಂಥಾ ಮುಗ್ಧ ಜನ, ಎಂಥಾ ಪ್ರೀತಿ, ಇವರ ಮುಂದೆ ನಾವೆಲ್ಲ ಎಷ್ಟು ಸಣ್ಣವರು' ಅಂತ ಕರಗುತ್ತಾರೆ. ಮುಗ್ಧ ಜನ! ಕೆತ್ತಿಕೊಟ್ಟ ಕೈಗೆ ಗೊತ್ತು, ಎಳನೀರೇ ಯಾಕೆ ಅಂತ. ಅದು ಮರದಿಂದ ಇಳಿದದ್ದು, ನಮ್ಮ ಮಡಕೆಯಿಂದ ಮೊಗೆದದ್ದಲ್ಲ. ನಮ್ಮ ಲೋಟದಲ್ಲಿ ನೀರು ಕೊಟ್ಟರೆ ಬಂದವರು 'ಈಗ ತಾನೇ ಕುಡಿದು ಬಂದೆವು' ಅನ್ನಬೇಕಾಗುತ್ತದೆ. ಆ ಸುಳ್ಳು ಹೇಳುವ ಸಂಕಟ ಅವರಿಗೆ ಬೇಡ, ಅದನ್ನು ಕೇಳಿ ಹಲ್ಲುಕಿರಿಯುವ ಸಂಕಟ ನಮ್ಮ ಅವ್ವ ಅಪ್ಪಂದಿರಿಗೂ ಬೇಡ. ಅದಕ್ಕೇ ಎಳನೀರು. ಕರಗಿ ಹೋದೆ ಅನ್ನುವವನಿಗೆ ತಾನು ಯಾವುದರಿಂದ ಪಾರಾದೆ ಅನ್ನುವುದೇ ತಿಳಿದಿಲ್ಲ. ಅವನ ಸೊಕ್ಕು ಎಲ್ಲಿಗೂ ಹೋಗಿಲ್ಲ. ಅದಕ್ಕೆ ನೋವಾಗದ ಹಾಗೆ ನಾವೇ ಕಾಪಾಡಿದ್ದೇವೆ.

ಜಾತಿಯನ್ನು ಬಚ್ಚಿಡದೆ ಇದೇ ಕತೆಯನ್ನು ಹೇಳಿದರೆ ಹೇಗಿರುತ್ತದೆ? ಒಬ್ಬರು ಹೇಳಿದ್ದಾರೆ. ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ಬದುಕಿನ ಕೆಲವು ಘಟನೆಗಳನ್ನು ಹೊರದೇಶದವರಿಗೆ ತಿಳಿಯಲಿ ಅಂತ ಬರೆದಿಟ್ಟಿದ್ದರು. ಆ ಬರಹ 'ವೇಯ್ಟಿಂಗ್ ಫಾರ್ ಎ ವೀಸಾ' ಎಂಬ ಹೆಸರಿನಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1990ರಲ್ಲಿ, ಸಣ್ಣ ಪುಸ್ತಕವಾಗಿ ಬಂತು. ಅದರಲ್ಲಿ ಚಾಳೀಸಗಾಂವ್ ಎಂಬ ಊರಿನ ಪ್ರಸಂಗ ಇದೆ.

1929ನೇ ಇಸವಿ. ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸಲು ಬಾಂಬೆ ಸರ್ಕಾರ ಮಾಡಿದ್ದ ಸಮಿತಿಯ ಸದಸ್ಯರಾಗಿ ಅಂಬೇಡ್ಕರ್ ಖಾನದೇಶದಲ್ಲಿ ತಿರುಗಾಡುತ್ತಿದ್ದರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆದವರು. ಎರಡು ವರ್ಷ ಮುಂಚೆ ಮಹಾಡದಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿ ದೇಶ ನಡುಗಿಸಿದವರು. ಚಾಳೀಸಗಾಂವ್ ಸ್ಟೇಷನ್ನಿಗೆ ಅಲ್ಲಿನ ಮಹಾರರು ಹಾರ ಹಿಡಿದು ಬಂದಿದ್ದರು, ಆ ರಾತ್ರಿ ನಮ್ಮಲ್ಲೇ ಇರಬೇಕು ಅಂತ ಕೇಳಿಕೊಂಡಿದ್ದರು. ಮಹಾರವಾಡ ಅಲ್ಲಿಂದ ಎರಡು ಮೈಲಿ, ಮಧ್ಯೆ ಒಂದು ಹೊಳೆ. ಸ್ಟೇಷನ್ ಮುಂದೆ ಬಾಡಿಗೆ ಟಾಂಗಾಗಳು ಬೇಕಾದಷ್ಟು ನಿಂತಿದ್ದವು. ಆದರೂ ಒಂದು ಗಂಟೆ ಹೊತ್ತು ಅವರನ್ನು ಸುಮ್ಮನೆ ಕಾಯಿಸಿದರು. ಯಾಕೆ ಅಂತ ಅವರಿಗೆ ತಿಳಿಯಲಿಲ್ಲ. ಕೊನೆಗೆ ಒಂದು ಟಾಂಗಾ ಬಂತು, ಹತ್ತಿದರು. ಕರೆಯಲು ಬಂದವರು ಅಡ್ಡದಾರಿ ಹಿಡಿದು ನಡೆದು ಹೋದರು.

ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಟಾಂಗಾ ಒಂದು ಮೋಟಾರು ಕಾರಿಗೆ ಗುದ್ದುವುದರಲ್ಲಿತ್ತು. ಪೊಲೀಸಿನವನು ಕೂಗಿದ್ದರಿಂದ ತಪ್ಪಿತು. ದಿನವೂ ಬಾಡಿಗೆ ಹೊಡೆಯುವವನಿಗೆ ಇಷ್ಟೂ ಬರುವುದಿಲ್ಲವೇ ಅಂತ ಒಳಗೆ ಕೂತವರಿಗೆ ಆಶ್ಚರ್ಯ. ಮುಂದೆ ಹೊಳೆಯ ಮೇಲಿನ ಸಣ್ಣ ಸೇತುವೆ. ಅದಕ್ಕೆ ಗೋಡೆ ಇರಲಿಲ್ಲ, ಅಂಚಿಗೆ ಅಲ್ಲೊಂದು ಇಲ್ಲೊಂದು ಕಲ್ಲು ನೆಟ್ಟಿದ್ದರು. ಅಲ್ಲಿ ಕುದುರೆ ಬೆದರಿ ಓಡಿತು, ಚಕ್ರ ಕಲ್ಲಿಗೆ ಬಡಿಯಿತು. ಅಂಬೇಡ್ಕರ್ ಎಗರಿ ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ, ಗಾಡಿ ಎರಡೂ ಹೊಳೆಗೆ ಉರುಳಿದವು. ಆಚೆ ದಡದಲ್ಲೇ ಮಹಾರವಾಡ. ಗಂಡಸರು, ಹೆಂಗಸರು, ಮಕ್ಕಳು ಗೋಳಾಡುತ್ತಾ ಅವರನ್ನು ಎತ್ತಿಕೊಂಡು ಹೋದರು. ಕಾಲು ಮುರಿದಿತ್ತು.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಟಾಂಗಾ ಹೊಡೆಯುವವರು ಯಾರೂ ಒಬ್ಬ ಮಹಾರನನ್ನು ಕೂರಿಸಿಕೊಂಡು ಹೋಗಲು ಒಪ್ಪಲಿಲ್ಲ, ಅದು ತಮ್ಮ ಮರ್ಯಾದೆಗೆ ಕಡಿಮೆ ಅಂದರು. ನಮ್ಮ ಅತಿಥಿ ನಡೆದುಕೊಂಡು ಬರುವುದು ಮಹಾರರ ಮರ್ಯಾದೆಗೆ ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಟಾಂಗಾ ಬಾಡಿಗೆಗೆ ಕೊಡುತ್ತೇನೆ, ಹೊಡೆಯುವವನು ನೀವೇ ನೋಡಿಕೊಳ್ಳಿ ಅಂದ ಟಾಂಗಾದವನು. ಅವರಲ್ಲಿ ಒಬ್ಬ ಇದರಲ್ಲೇನಿದೆ ಅಂತ ಲಗಾಮು ಹಿಡಿದ. ಹಿಡಿದ ಮೇಲೆ ಹಿಂದೆ ಕೂತಿರುವವರು ಯಾರು ಅನ್ನುವುದು ನೆನಪಾಗಿ ಕೈ ನಡುಗಿತು.

ನೀತಿಪಾಠದ ಆ ಕತೆಯನ್ನು ಇದರ ಪಕ್ಕ ಇಟ್ಟು ನೋಡಿ. ಅದರಲ್ಲಿದ್ದ ಪಾತ್ರಗಳೆಲ್ಲ ಇಲ್ಲೂ ಇವೆ. ಪೇಟೆಯಿಂದ ಬಂದ ವಿದ್ಯಾವಂತ, ಸಣ್ಣ ಊರು, ಕೆಟ್ಟ ಗಾಡಿ, ಪ್ರೀತಿಯಿಂದ ಕರೆಯುವ ಜನ. ಆದರೆ ಸೊಕ್ಕು ಜಾಗ ಬದಲಾಯಿಸಿದೆ. ಬ್ಯಾರಿಸ್ಟರನ ಹತ್ತಿರ ಅದು ಇಲ್ಲ. ಅದು ಇರುವುದು ದಿನವೆಲ್ಲ ಕುದುರೆಯ ಬೆವರು ವಾಸನೆಯಲ್ಲಿ ಬದುಕುವ ಟಾಂಗಾದವನ ಹತ್ತಿರ. ಅವನೂ ಬಡವನೇ. ಬೇರೆ ಗಿರಾಕಿಗಳಿಗೆ ಅವನು ನಗುನಗುತ್ತಾ ಪೆಟ್ಟಿಗೆ ಎತ್ತಿಕೊಟ್ಟಿರಬಹುದು, ಅಂಥವರು ಊರಿಗೆ ಹೋಗಿ ಚಾಳೀಸಗಾಂವದ ಜನ ಎಷ್ಟು ಒಳ್ಳೆಯವರು ಅಂತ ಹೇಳಿಯೂ ಇರಬಹುದು. ಆ ನಗು ಸುಳ್ಳಲ್ಲ. ಅದಕ್ಕೆ ಒಂದು ಗಡಿ ಇತ್ತು, ಅಷ್ಟೆ. ವರ್ಗದ ಲೆಕ್ಕ ಮಾತ್ರ ಹಾಕುವ ನಮ್ಮ ಕೆಲವು ಸಂಗಾತಿಗಳು ಆ ಟಾಂಗಾದವನನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ನೋಡಬೇಕು.

ಈ ಲಗಾಮಿನ ಕತೆ ಅಂಬೇಡ್ಕರರಿಗೆ ಹೊಸದೂ ಅಲ್ಲ. 1901ರಲ್ಲಿ ಅವರು ಹುಡುಗನಾಗಿದ್ದಾಗ ಅಪ್ಪನನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಿದ್ದರು. ಒಳ್ಳೆಯ ಬಟ್ಟೆ ಹಾಕಿದ್ದ ಆ ಮಕ್ಕಳನ್ನು ಸ್ಟೇಷನ್ ಮಾಸ್ತರ ವಿಚಾರಿಸಿಕೊಂಡ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖ ಬದಲಾಯಿತು. ಕೊನೆಗೆ ಒಬ್ಬ ಗಾಡಿಯವನು ಒಪ್ಪಿದ್ದು ಎರಡರಷ್ಟು ಬಾಡಿಗೆಗೆ, ಅದೂ ಮಕ್ಕಳೇ ಎತ್ತು ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅನ್ನುವ ಕರಾರಿನ ಮೇಲೆ.

ಈಗ ವಿನಯದ ಮಾತಿಗೆ ಬರೋಣ. ವಿನಯ ಒಳ್ಳೆಯ ಗುಣ ಅಂತ ನಮಗೂ ಉಪದೇಶ ಮಾಡುತ್ತಾರೆ. ಬಗ್ಗಿಯೇ ಹುಟ್ಟಿ ಬಗ್ಗಿಯೇ ಸತ್ತ ಜನಕ್ಕೆ ಇನ್ನೂ ಎಷ್ಟು ಬಗ್ಗಲು ಹೇಳುವುದು? ಕೇರಿಯ ಹುಡುಗ ಡಿಗ್ರಿ ಮುಗಿಸಿ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಅರಳಿಕಟ್ಟೆಯ ಮುಂದೆ ನಡೆದರೆ 'ಎರಡಕ್ಷರ ಕಲಿತದ್ದಕ್ಕೇ ಸೊಕ್ಕು ನೋಡು ಈ ನನ್ಮಗನಿಗೆ' ಅಂತಾರೆ. ಚಪ್ಪಲಿ ಹಾಕಿದ್ದಕ್ಕೆ, ಮೀಸೆ ಬಿಟ್ಟಿದ್ದಕ್ಕೆ, ಮದುವೆಯಲ್ಲಿ ಕುದುರೆ ಹತ್ತಿದ್ದಕ್ಕೆ ಈ ದೇಶದಲ್ಲಿ ನಮ್ಮವರ ಮೂಳೆ ಮುರಿದಿದ್ದಾರೆ. ಆಗಲೂ ಕಾರಣ ಅದೇ, ಸೊಕ್ಕು ಇಳಿಸಬೇಕು ಅನ್ನುವುದು. ಆದ್ದರಿಂದ ಗರ್ವಭಂಗದ ಕತೆಗೆ ನಾವು ಚಪ್ಪಾಳೆ ತಟ್ಟುವ ಮುಂಚೆ ಯಾವನ ಗರ್ವ, ಭಂಗ ಮಾಡುವವನು ಯಾವನು ಅಂತ ಎರಡು ಸಲ ನೋಡಬೇಕು. ಬೆನ್ನು ನೆಟ್ಟಗೆ ಮಾಡಿದ್ದು ಸೊಕ್ಕಲ್ಲ.

ಹಾಗಂತ ಓದಿದ ನಮ್ಮವರಲ್ಲಿ ಸೊಕ್ಕು ಇರುವುದೇ ಇಲ್ಲವೇ? ಇದೆ. ಪೇಟೆಯಲ್ಲಿ ಕೆಲಸ ಹಿಡಿದವರು ಹಬ್ಬಕ್ಕೆ ಬಂದು ಕೇರಿಯವರಿಗೆ ಶಿಸ್ತಿಲ್ಲ, ಮಾತು ಬರಲ್ಲ, ಒಂದು ಕೆಲಸ ನೆಟ್ಟಗೆ ಮಾಡಲ್ಲ ಅಂತ ಬೈಯುವುದುಂಟು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಅದಕ್ಕೂ ಚಾಳೀಸಗಾಂವ್ ಒಂದು ದಾರಿ ತೋರಿಸುತ್ತದೆ. ಕಾಲು ಮುರಿದುಕೊಂಡ ಬ್ಯಾರಿಸ್ಟರ್ ಲಗಾಮು ಹಿಡಿಯಲು ಬಾರದವನನ್ನು ಬೈದು ಸುಮ್ಮನಾಗಬಹುದಿತ್ತು. ಅವರು ಯಾಕೆ ಹೀಗಾಯಿತು ಅಂತ ಕೇಳಿದರು. ಉತ್ತರ ಬಂದ ಮೇಲೆ ಯಾರನ್ನೂ ಹೊಗಳಿ ಕರಗಲೂ ಇಲ್ಲ. ನನ್ನ ಮರ್ಯಾದೆ ಉಳಿಸಲು ಹೋಗಿ ನನ್ನ ಪ್ರಾಣಕ್ಕೇ ಸಂಚಕಾರ ತಂದರು ಎಂಬ ಅರ್ಥದ ಮಾತನ್ನು ಬಿಚ್ಚಿಯೇ ಬರೆದರು. ಪ್ರೀತಿ ಪ್ರೀತಿಯೇ, ತಪ್ಪು ತಪ್ಪೇ. ತಪ್ಪಿನ ಬೇರು ಸ್ಟೇಷನ್ ಮುಂದೆ ನಿಂತ ಟಾಂಗಾಗಳಲ್ಲಿದೆ ಅನ್ನುವುದನ್ನೂ ಬರೆದರು. ತನ್ನ ಜನರನ್ನು ಮುಗ್ಧರು ಅಂತ ಮುದ್ದು ಮಾಡದೆ, ಕೈಲಾಗದವರು ಅಂತ ತಳ್ಳದೆ ಹೀಗೆ ನೋಡುವುದು ಕಷ್ಟ. ಎಳನೀರು ಕುಡಿದು ಕಣ್ಣು ಒರೆಸಿಕೊಳ್ಳುವುದು ಸುಲಭ.

ನಮಗೆ ಆಗಾಗ ನೆನಪಾಗುವುದು ಲಗಾಮು ಹಿಡಿದ ಆ ಮಹಾರನೇ. ಬಾಡಿಗೆ ಟಾಂಗಾದ ಸೀಟಿನಲ್ಲಿ ಅವನನ್ನು ಅದಕ್ಕೆ ಮೊದಲು ಯಾರು ಕೂರಿಸಿದ್ದರು? ದಿನವೂ ಟಾಂಗಾಗಳು ಅದೇ ಸೇತುವೆ ದಾಟುವುದನ್ನು ಅವನು ನೋಡಿರಬೇಕು, ನಡೆದುಕೊಂಡು ಹೋಗುತ್ತಾ, ರಸ್ತೆಯ ಅಂಚಿನಿಂದ.