ಕಾರಣ ಹೇಳುವ ಋಣ

ನಮ್ಮ ಕುಂದಾಣದ ಕಡೆ ಹುಡುಗರಿಗೆ ಕ್ರಿಕೆಟ್ ಆಡಲು ಮೈದಾನವೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಕೆರೆಯಂಗಳ, ರಾಗಿ ಕಟಾವಾದ ಮೇಲೆ ಹೊಲ, ಮಿಕ್ಕ ದಿನಗಳಲ್ಲಿ ಶಾಲೆಯ ಅಂಗಳ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಾಗಿನಿಂದ, ಚೆಂಡು ನೋಡಬೇಕಾದ ಹೊತ್ತಿನಲ್ಲಿ ವಿಮಾನ ನೋಡಿ ಕ್ಯಾಚ್ ಬಿಡುವುದೂ ಆಟದ ಒಂದು ಭಾಗವಾಗಿದೆ. ಅಂಥದೊಂದು ಅಂಗಳದಲ್ಲಿ ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಮಾಡಿದ ತಪ್ಪೊಂದು ಈಚೆಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ನೆನಪು ಮಾಡಿಸಿದವರು ಕರುಣ್ ನಾಯರ್.

ಆ ದಿನ ವ್ಯಾಯಾಮದ ಮೇಷ್ಟ್ರು ರಜೆಯಲ್ಲಿದ್ದರು. ಮರುದಿನ ಪಕ್ಕದ ಊರಿನ ಶಾಲೆಯೊಂದಿಗೆ ಪಂದ್ಯ. ತಂಡ ಆರಿಸುವ ಕೆಲಸ ಕನ್ನಡ ಪಾಠ ಮಾಡುವ ನನ್ನ ಪಾಲಿಗೆ ಬಂತು. ಏಳನೆಯ ತರಗತಿಯ ಒಬ್ಬ ಹುಡುಗ ದಿನವೂ ಬೌಂಡರಿ ಗೆರೆಯ ಹತ್ತಿರ ನಿಂತು ಫೀಲ್ಡಿಂಗ್ ಮಾಡುತ್ತಿದ್ದ. ದೂರದ ಫೀಲ್ಡರನ ಕೆಲಸ ವಿಚಿತ್ರವಾದದ್ದು. ಎಷ್ಟೋ ಹೊತ್ತು ಚೆಂಡು ಅವನ ಕಡೆ ಸುಳಿಯುವುದೇ ಇಲ್ಲ. ಆದರೂ ಪ್ರತಿ ಎಸೆತಕ್ಕೂ ಅವನು ಸಿದ್ಧನಾಗಿರಬೇಕು. ಈ ಹುಡುಗ ಹಾಗೆ ಇರುತ್ತಿದ್ದ. ನಾನು ಅವನನ್ನು ಬಿಟ್ಟು, ಹೊಸದಾಗಿ ಸೇರಿದ್ದ ಮತ್ತೊಬ್ಬನ ಹೆಸರು ಬರೆದೆ. ಅವನು ಎಡಗೈಯಲ್ಲಿ ಚೆನ್ನಾಗಿ ಬ್ಯಾಟ್ ಬೀಸುತ್ತಾನೆ ಎಂದು ಉಳಿದ ಹುಡುಗರು ಹೇಳಿದ್ದರು. ಪಟ್ಟಿ ಓದಿದೆ, ಹಾಳೆ ಮಡಿಸಿಟ್ಟೆ, ತರಗತಿಗೆ ಹೋದೆ. ಬಿಟ್ಟವನ ಮುಖ ನೋಡಲಿಲ್ಲ.

ಕರುಣ್ ನಾಯರ್ ಕಥೆ ಅನೇಕರಿಗೆ ಗೊತ್ತಿರುವುದೇ. 1991ರಲ್ಲಿ ಜೋಧಪುರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಮಲಯಾಳಿ ಮನೆತನದ ಹುಡುಗ. 2016ರ ಜುಲೈನಲ್ಲಿ ಕೇರಳದ ಪಂಪಾ ನದಿಯಲ್ಲಿ ದೋಣಿ ಮಗುಚಿದಾಗ ಬದುಕಿ ಬಂದವರಲ್ಲಿ ಅವರೂ ಒಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದರು. ಅದು ಅವರ ಮೂರನೆಯ ಟೆಸ್ಟ್. ಭಾರತದ ಪರವಾಗಿ ಅದುವರೆಗೆ ಮುನ್ನೂರು ದಾಟಿದ್ದವರು ವೀರೇಂದ್ರ ಸೆಹ್ವಾಗ್ ಒಬ್ಬರೇ. ಆದರೆ 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಮುಂದಿನ ಟೆಸ್ಟಿನಲ್ಲಿ ಅವರಿಗೆ ಜಾಗವಿರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರು.

ಇಷ್ಟಕ್ಕೆ ನಾನು ಅನ್ಯಾಯ ಎನ್ನಲಾರೆ. ರಹಾನೆಯವರೂ ಆ ಜಾಗವನ್ನು ದುಡಿದೇ ಸಂಪಾದಿಸಿದವರು. ಹನ್ನೊಂದು ಜಾಗ, ಹನ್ನೆರಡು ಯೋಗ್ಯರು ಎಂದಾಗ ಯಾರೋ ಒಬ್ಬರು ಹೊರಗೆ ನಿಲ್ಲಲೇಬೇಕು. ಮುಂದೆ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್ ಸಿಕ್ಕವು, ರನ್ ಬರಲಿಲ್ಲ. 2018ರಲ್ಲಿ ಇಂಗ್ಲೆಂಡಿಗೆ ತಂಡದೊಂದಿಗೆ ಹೋದರು, ಒಂದು ಪಂದ್ಯವನ್ನೂ ಆಡಲಿಲ್ಲ. ಸರಣಿಯ ಮಧ್ಯೆ ಬಂದು ಸೇರಿದ ಹನುಮ ವಿಹಾರಿ ಕೊನೆಯ ಟೆಸ್ಟ್ ಆಡಿದರು. ತಮ್ಮೊಂದಿಗೆ ಯಾರೂ ಮಾತನಾಡಲಿಲ್ಲವೆಂದು ಕರುಣ್ ಆಮೇಲೆ ಹೇಳಿದರು. ತಾವೇ ಮಾತನಾಡಿದ್ದಾಗಿ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಆ ಸುದ್ದಿ ಓದಿದಾಗ ನನ್ನ ಮಡಿಸಿದ ಹಾಳೆ ನೆನಪಾಯಿತು.

ನಾವು ಶಿಕ್ಷಕರು ಮಕ್ಕಳಿಗೆ ಒಂದು ಮಾತನ್ನು ಸಲೀಸಾಗಿ ಹೇಳಿಬಿಡುತ್ತೇವೆ: ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ. ನಾನೂ ವರ್ಷಾನುಗಟ್ಟಲೆ ಹೇಳಿದ್ದೇನೆ. ಈಗ ಅದು ಅರ್ಧ ಸತ್ಯ ಎನ್ನಿಸುತ್ತದೆ. ಕಷ್ಟಪಟ್ಟರೆ ವಿದ್ಯೆ ಬರುತ್ತದೆ. ಅದು ನಮ್ಮ ಕೈಯಲ್ಲಿದೆ. ಅವಕಾಶ ಇರುವುದು ಇನ್ನೊಬ್ಬರ ಕೈಯಲ್ಲಿ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಮಗುವಿನ ತಲೆಯ ಮೇಲಿಟ್ಟರೆ, ಅವಕಾಶ ತಪ್ಪಿದ ದಿನ ಅದು ಏನೆಂದುಕೊಳ್ಳಬೇಕು? ತಾನು ಸಾಕಷ್ಟು ಕಷ್ಟಪಡಲಿಲ್ಲ ಎಂದಲ್ಲವೆ? ಮುನ್ನೂರು ಹೊಡೆದವರಿಗೂ ಮುಂದಿನ ಪಂದ್ಯ ಖಾತರಿಯಿಲ್ಲವೆಂದ ಮೇಲೆ, ನಮ್ಮ ಮಾತನ್ನು ತಿದ್ದಿಕೊಳ್ಳಬೇಕಾದವರು ನಾವು.

ಹಾಗಾದರೆ ಅವಕಾಶ ಕೊಡುವವರಿಗೆ ಯಾವ ಋಣವೂ ಇಲ್ಲವೆ? ಇದೆ. ಎಲ್ಲರಿಗೂ ಜಾಗ ಕೊಡಲಾಗದು, ಆದರೆ ಕಾರಣವನ್ನು ಎಲ್ಲರಿಗೂ ಕೊಡಬಹುದು. ಅದಕ್ಕೆ ಹನ್ನೊಂದರ ಮಿತಿಯಿಲ್ಲ.

ಕರುಣ್ 2022ರ ಹೊತ್ತಿಗೆ ಕರ್ನಾಟಕ ತಂಡದಿಂದಲೂ ಹೊರಗಾಗಿದ್ದರು. ಆ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ಟನ್ನೇ ಸಂಬೋಧಿಸಿ, ಇನ್ನೊಂದು ಅವಕಾಶ ಕೊಡು ಎಂದು ಬೇಡಿಕೊಂಡರು. 2023ರಲ್ಲಿ ವಿದರ್ಭ ಸೇರಿದರು. 2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಎಂಟು ಇನ್ನಿಂಗ್ಸಿನಲ್ಲಿ 779 ರನ್ ಗಳಿಸಿದರು. ಔಟಾದದ್ದು ಎರಡೇ ಸಲ. ಅದೇ ಋತುವಿನ ರಣಜಿ ಫೈನಲ್‌ನಲ್ಲಿ 86 ಮತ್ತು 135 ಹೊಡೆದರು, ವಿದರ್ಭ ಗೆದ್ದಿತು. ಎಂಟು ವರ್ಷಗಳ ಮೇಲೆ, 2025ರ ಜೂನಿನಲ್ಲಿ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಲಿಳಿದು ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು. ಆ ಸರಣಿಯ ನಾಲ್ಕು ಟೆಸ್ಟುಗಳಲ್ಲಿ 205 ರನ್, ಒಂದೇ ಅರ್ಧಶತಕ. ಸೆಪ್ಟೆಂಬರಿನಲ್ಲಿ ಮತ್ತೆ ಕೈಬಿಟ್ಟರು. ಅವರಿಂದ ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವೆಂದು ಆಯ್ಕೆ ಸಮಿತಿಯ ಅಧ್ಯಕ್ಷ ಅಜಿತ್ ಅಗರ್ಕರ್ ಎಲ್ಲರೆದುರೇ ಹೇಳಿದರು. ಕಠಿಣವಾದ ಮಾತು, ಒಪ್ಪದವರೂ ಇದ್ದಾರು. ಆದರೆ ಅದು ಕಾರಣ. ಅದರೊಂದಿಗೆ ಜಗಳವನ್ನಾದರೂ ಆಡಬಹುದು. ಮೌನದೊಂದಿಗೆ ಜಗಳ ಆಡುವುದು ಹೇಗೆ? ಕರ್ನಾಟಕಕ್ಕೆ ಮರಳಿದ್ದ ಕರುಣ್ ನವೆಂಬರಿನಲ್ಲಿ ಕೇರಳದ ವಿರುದ್ಧ 233 ಹೊಡೆದರು.

ನಮ್ಮ ಬೌಂಡರಿ ಗೆರೆಯ ಹುಡುಗ ಈಗ ವಿಮಾನ ನಿಲ್ದಾಣಕ್ಕೆ ಕಾರು ಓಡಿಸುತ್ತಾನೆ. ಈಚೆಗೆ ನೆಂಟರನ್ನು ಕಳಿಸಲು ಅವನ ಕಾರಿನಲ್ಲೇ ಹೋಗಿದ್ದೆ. ಬರುವಾಗ ಧೈರ್ಯ ಮಾಡಿ, ಆ ಸಲ ಅವನನ್ನು ಏಕೆ ಬಿಟ್ಟೆ ಎಂಬುದನ್ನು ಹೇಳಿದೆ. ಸ್ವಲ್ಪ ದೂರ ಅವನು ಮಾತಾಡಲಿಲ್ಲ. ಆಮೇಲೆ ನಗುತ್ತಲೇ ಅಂದ: “ಅಷ್ಟೇನಾ ಮಿಸ್? ನಮ್ಮಪ್ಪನ ಕೈಲಿ ಬಿಳಿ ಬಟ್ಟೆ ಕೊಡಿಸೋಕಾಗಲ್ಲ ಅಂತ ಬಿಟ್ರಿ ಅಂದ್ಕೊಂಡಿದ್ದೆ. ಅದಕ್ಕೇ ಆಮೇಲೆ ಆಟಕ್ಕೇ ಬರಲಿಲ್ಲ.”

ನಾನು ಕಿಟಕಿಯಾಚೆ ನೋಡುತ್ತ ಕೂತೆ. ನಾನು ಹೇಳದೆ ಉಳಿಸಿದ ಒಂದು ವಾಕ್ಯದ ಜಾಗದಲ್ಲಿ ಆ ಮಗು ತನ್ನ ಮನೆಯ ಬಡತನವನ್ನು ತಂದಿಟ್ಟುಕೊಂಡಿತ್ತು.

ಈಗ ನಾಟಕಕ್ಕೋ ಓಟಕ್ಕೋ ಮಕ್ಕಳನ್ನು ಆರಿಸಿದ ದಿನ, ಪಟ್ಟಿಯಲ್ಲಿಲ್ಲದವರನ್ನು ಮೊದಲು ಕರೆದು ಒಬ್ಬೊಬ್ಬರಿಗೂ ಕಾರಣ ಹೇಳುತ್ತೇನೆ. ಕೆಲವರು ಅಳುತ್ತಾರೆ, ಕೆಲವರು ವಾದ ಮಾಡುತ್ತಾರೆ. ಒಂದೆರಡು ಸಲ ಅವರ ವಾದವೇ ಸರಿಯೆನಿಸಿ ಪಟ್ಟಿ ತಿದ್ದಿದ್ದೂ ಉಂಟು.